ಹಿತ್ತಲಿನ ಗಾಳಿಬಂದೂಕು

ಪಾಠಶಾಲೆಯಲ್ಲಿ 33 ವರ್ಷಗಳ ಕಾಲ ಸೀಮೆಸುಣ್ಣವನ್ನಲ್ಲದೆ ಬೇರಾವ ಆಯುಧವನ್ನೂ ಹಿಡಿಯದಿದ್ದ ನಾವು, ನಿವೃತ್ತರಾದ ಮೇಲೆ ಬಂದೂಕು ಹಿಡಿದೆವೆಂದರೆ ವಾಚಕರು ನಗದಿರಲಾರರು. ನಮ್ಮ ಮನೆಯಲ್ಲಿಯೂ ಮೊದಲು ಹುಟ್ಟಿದುದು ನಗೆಯೇ. ಆ ನಗೆ ಒಂದು ಸಂಜೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಅದು ಹೇಗೆ ನಿಂತಿತೆಂಬುದನ್ನು ಮುಚ್ಚಿಡದೆ ಹೇಳಿದರೆ, ಹಿತ್ತಲು, ತೋಟ, ಇಲಿಗಳು, ಮೊಮ್ಮಕ್ಕಳು ಇವಿಷ್ಟೂ ಉಳ್ಳ ಇತರ ಗೃಹಸ್ಥರಿಗೆ ಉಪಯೋಗವಾದೀತೆಂಬ ಭಾವನೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಮನೆ ತಿಪಟೂರು ಸೀಮೆಯ ಒಂದು ಹಳ್ಳಿಯ ಅಂಚಿನಲ್ಲಿದೆ. ಹಿತ್ತಲಿಗೆ ಸೇರಿದಂತೆ ತಂದೆಯವರು ನೆಡಿಸಿದ 40 ತೆಂಗಿನ ಮರಗಳುಂಟು. ಅಟ್ಟದ ಮೇಲೆ ಉಂಡೆಕೊಬ್ಬರಿಗೆಂದು ಕಾಯಿ ಹರಡಿರುತ್ತದೆ. ಕೆಳಗಿನ ಕೋಣೆಯಲ್ಲಿ ರಾಗಿಯ ಚೀಲಗಳಿರುತ್ತವೆ. ಕೊಟ್ಟಿಗೆಯ ಪಕ್ಕದಲ್ಲಿ ಹುಲ್ಲಿನ ಬಣವೆ. ಇಲಿಗಳಿಗೆ ಇದಕ್ಕಿಂತ ಸುಖವಾದ ಸಂಸ್ಥಾನ ಬೇರೆ ಯಾವುದು? ಮರದ ಮೇಲಿನ ಇಲಿಯ ಕೆಲಸವನ್ನು ಕಂಡವರೇ ಬಲ್ಲರು. ಎಳೆಗಾಯಿಯ ತೊಟ್ಟಿನ ಬಳಿ, ಮಟ್ಟೆ ಮೃದುವಾಗಿರುವ ಕಡೆಯಲ್ಲಿ, ಬಡಗಿಯು ಬೈರಿಗೆ ಹಾಕಿದಂತೆ ದುಂಡನೆಯ ತೂತು ಕೊರೆದು, ನೀರನ್ನು ಕುಡಿದು ತಿರುಳನ್ನು ತಿಂದು ಹೋಗುತ್ತದೆ. ಆಮೇಲೆ ಕಾಯಿ ತಾನಾಗಿ ಕೆಳಕ್ಕೆ ಬೀಳುತ್ತದೆ. ಹಾಗೆ ಬಿದ್ದ ಕಾಯಿಗಳನ್ನು ಒಂದು ತಿಂಗಳು ಆಯ್ದು ಎಣಿಸಿದೆವು, 111 ಆದುವು.

ಬೋನನ್ನಿಟ್ಟೆವು. ಮೊದಲ ವಾರ ಎರಡು ಮೂರ್ಖ ಇಲಿಗಳು ಬಿದ್ದುವು. ಉಳಿದವುಗಳಿಗೆ ಅಷ್ಟರಲ್ಲಿ ಪಾಠವಾಗಿತ್ತು. ಬೆಕ್ಕನ್ನು ಸಾಕಿದೆವು, ಅದು ಹಾಲನ್ನು ಕುಡಿದು ಬಿಸಿಲಿನಲ್ಲಿ ಮಲಗಿ ಸಂನ್ಯಾಸವನ್ನು ಸ್ವೀಕರಿಸಿತು. ಪಾಷಾಣವಿಡಲು ಮನಸ್ಸೊಪ್ಪಲಿಲ್ಲ. ಈಗ ಮಾರುವ ಇಲಿಪಾಷಾಣಗಳಲ್ಲಿ ಹೆಚ್ಚಿನವು ರಕ್ತವು ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುವಂಥವು. ಆ ದಿನಗಳಲ್ಲಿ ಬಳಲಿದ ಇಲಿಯನ್ನು ಹಿಡಿದು ತಿಂದ ಗೂಬೆಗೂ ಬೆಕ್ಕಿಗೂ ನಾಯಿಗೂ ಅದೇ ವಿಷ ತಗುಲುತ್ತದೆ. ಒಬ್ಬರ ಅಪರಾಧಕ್ಕೆ ಇನ್ನೊಬ್ಬರಿಗೆ ಶಿಕ್ಷೆ ಕೊಡುವುದು ಮೇಷ್ಟರ ಧರ್ಮವಲ್ಲ.

ಇಂಥ ಸಂದರ್ಭದಲ್ಲಿ ಊರ ಜಾತ್ರೆ ಬಂದಿತು. ರಜೆಗೆ ಬಂದಿದ್ದ ಒಂಬತ್ತು ವರ್ಷದ ಮೊಮ್ಮಗನು ನಮ್ಮನ್ನು ಬಲೂನು ಹೊಡೆಯುವ ಅಂಗಡಿಯ ಮುಂದೆ ಎಳೆದು ನಿಲ್ಲಿಸಿದನು. ಅವನಿಗಾಗಿ ನಾವೂ ಬಂದೂಕು ಹಿಡಿದು ಹತ್ತು ಗುಂಡು ಹಾರಿಸಿದೆವು. ಏಳು ಬಲೂನುಗಳು ಒಡೆದುವು. ಜಾತ್ರೆಯ ಬಂದೂಕುಗಳ ನಳಿಗೆ ಸವೆದಿರುತ್ತದೆ, ಗುರಿಮೊಳೆ ಡೊಂಕಾಗಿರುತ್ತದೆ, ಬಲೂನು ಮಾತ್ರ ಕುಂಬಳಕಾಯಿಯಷ್ಟಿರುತ್ತದೆ ಎಂಬುದು ಆಗ ನಮಗೆ ಹೊಳೆಯಲಿಲ್ಲ. "ನಮ್ಮ ತಾತ ಅರ್ಜುನ!" ಎಂದು ಹುಡುಗನು ದಾರಿಯುದ್ದಕ್ಕೂ ಸಾರಿದನು. ಆ ಏಳು ಬಲೂನುಗಳೂ ಆ ಒಂದು ಮಾತೂ ಸೇರಿ ನಮ್ಮ ಬುದ್ಧಿಗೆ ಮಂಕುಬೂದಿಯನ್ನೆರಚಿದುವೆಂದು ಈಗ ಒಪ್ಪಿಕೊಳ್ಳುತ್ತೇವೆ. ಮನೆಗೆ ಬಂದವರೇ ಗಾಳಿಬಂದೂಕನ್ನು ಕೊಳ್ಳುವುದಾಗಿ ಪ್ರಕಟಿಸಿದೆವು. ಮನೆಯಾಕೆ ಒಲೆಯ ಮುಂದಿನಿಂದ ತಲೆಯೆತ್ತದೆಯೇ, "ಚೌತಿಯ ದಿನ ವಾಹನಕ್ಕೆ ನಮಸ್ಕಾರ, ಮರುದಿನ ಗುಂಡೋ? ಗಣಪತಿಗೆ ಮೊದಲೇ ಒಂದು ಮಾತು ಹೇಳಿಬಿಡಿ" ಎಂದಳು.

ಗಾಳಿಬಂದೂಕೆಂದರೆ ಮಕ್ಕಳ ಆಟಿಕೆಯೆಂಬ ಭಾವನೆ ಬಹುಜನರಲ್ಲಿದೆ, ನಮ್ಮಲ್ಲಿಯೂ ಇದ್ದಿತು. ಚರಿತ್ರೆ ಬೇರೆ ಮಾತು ಹೇಳುತ್ತದೆ. ಸುಮಾರು 1780ರ ಹೊತ್ತಿಗೆ ಆಸ್ಟ್ರಿಯಾದ ಸೈನ್ಯವು ಜಿರಾರ್ಡೋನಿ ಎಂಬಾತನು ರಚಿಸಿದ ಗಾಳಿಬಂದೂಕನ್ನು ಯುದ್ಧಕ್ಕಾಗಿಯೇ ಇಟ್ಟುಕೊಂಡಿತ್ತು. ಹಿಡಿಯ ಭಾಗದಲ್ಲಿದ್ದ ಬುರುಡೆಯಲ್ಲಿ ಗಾಳಿಯನ್ನು ಒತ್ತಿ ತುಂಬಿದರೆ ಒಂದರ ಹಿಂದೊಂದರಂತೆ ಸುಮಾರು 20 ಗುಂಡುಗಳನ್ನು ಹಾರಿಸಬಹುದಾಗಿತ್ತು. 1804ರಲ್ಲಿ ಅಮೆರಿಕೆಯ ಪಶ್ಚಿಮ ಭಾಗವನ್ನು ಅರಸಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಎಂಬವರ ತಂಡವೂ ಒಂದು ಗಾಳಿಬಂದೂಕನ್ನು ಕೊಂಡೊಯ್ದಿತ್ತು. ಇನ್ನು ನಮ್ಮ ದೇಶದ ಮಾತು: 2008ರಲ್ಲಿ ಬೀಜಿಂಗ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಅಭಿನವ ಬಿಂದ್ರಾ ಅವರು ಭಾರತಕ್ಕೆ ಪ್ರಪ್ರಥಮ ವೈಯಕ್ತಿಕ ಸ್ವರ್ಣಪದಕವನ್ನು ತಂದುದು 10 ಮೀಟರಿನ ಗಾಳಿಬಂದೂಕಿನ ಸ್ಪರ್ಧೆಯಲ್ಲಿಯೇ. ಆ ಸ್ಪರ್ಧೆಯ ಲಕ್ಷ್ಯದ ನಡುಬೊಟ್ಟು ಅರ್ಧ ಮಿಲಿಮೀಟರಿನದು. ಸೂಜಿಯ ಮೊನೆಯಲ್ಲಿ ಚುಚ್ಚಿದ ಗುರುತಿನಷ್ಟು. ಬಲೂನಿಗೂ ಅದಕ್ಕೂ ಇರುವ ದೂರವನ್ನು ವಾಚಕರೇ ಊಹಿಸಿಕೊಳ್ಳಲಿ.

ಪಟ್ಟಣದ ಬಂದೂಕಿನ ಅಂಗಡಿಗೆ ಹೋದೆವು. ಅಂಗಡಿಯವನು ಗುರುತಿನ ಚೀಟಿಯನ್ನು ಕೇಳಿ ಬರೆದುಕೊಂಡ ಮೇಲೆಯೇ ಸರಕನ್ನು ತೋರಿಸಿದುದು ನಮಗೆ ಮೆಚ್ಚಿಗೆಯಾಯಿತು. ನಮ್ಮ ದೇಶದ ಆಯುಧ ನಿಯಮಗಳ ಪ್ರಕಾರ ನಳಿಗೆಯ ರಂಧ್ರವು 4.5 ಮಿಲಿಮೀಟರಿಗೆ ಮೀರದೆ, ಗುಂಡಿನ ಶಕ್ತಿಯು 20 ಜೂಲುಗಳೊಳಗಿದ್ದರೆ ಪರವಾನಗಿ ಬೇಕಿಲ್ಲ. ಅದಕ್ಕೂ ದೊಡ್ಡದಾದ 5.5 ಮಿಲಿಮೀಟರಿನದಕ್ಕೆ ಬೇಕು. ಪರವಾನಗಿ ಬೇಡವೆಂದರೆ ಅಪಾಯವಿಲ್ಲವೆಂದು ಅರ್ಥವಲ್ಲ. ಅರ್ಧ ಗ್ರಾಮು ತೂಕದ ಸೀಸದ ಗುಂಡು ಸೆಕೆಂಡಿಗೆ 200 ಮೀಟರಿನಂತೆ ಹೊರಟರೆ ಅದರ ಶಕ್ತಿ 10 ಜೂಲುಗಳು. ಲೆಕ್ಕದ ಮೇಷ್ಟರಲ್ಲದವರೂ ಇದನ್ನು ಗುಣಿಸಿ ನೋಡಬಹುದು. ಆ ವೇಗವೆಂದರೆ ಗಂಟೆಗೆ 720 ಕಿಲೋಮೀಟರು. ಅಡ್ಡಿಯಿಲ್ಲದಿದ್ದರೆ ಗುಂಡು ಇನ್ನೂರು ಮೀಟರಿಗೂ ಆಚೆ ಹೋಗಿ ಬೀಳುತ್ತದೆ. ಹತ್ತಿರದಲ್ಲಿ ಮನುಷ್ಯನ ಕಣ್ಣನ್ನು ತೆಗೆಯಲು ಅದರ ಸ್ವಲ್ಪಭಾಗವೇ ಸಾಕು.

ಗಾಳಿಬಂದೂಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದರಲ್ಲಿ ಗಾಳಿಯನ್ನು ಮೊದಲೇ ಪಂಪಿನಿಂದ ಕೊಳವೆಯೊಳಗೆ ಒತ್ತಿ ತುಂಬಿರುತ್ತಾರೆ. ಅದು ಅಲುಗಾಡದೆ ಹೊಡೆಯುತ್ತದೆ. ಆದರೆ ಪಂಪು, ಒತ್ತಡದ ಮಾಪಕ, ವಾಷರುಗಳ ಉಪಚಾರ ಮುಂತಾದ ಪರಿವಾರ ದೊಡ್ಡದು. ಎರಡನೆಯದು ಸ್ಪ್ರಿಂಗಿನದು. ನಳಿಗೆಯನ್ನು ಬಾಗಿಸಿದರೆ ಒಳಗಿನ ಕೊಂತವು ಹಿಂದೆ ಸರಿದು ಸ್ಪ್ರಿಂಗು ಮುದುರಿಕೊಳ್ಳುತ್ತದೆ. ಕುದುರೆಯನ್ನೆಳೆದಾಗ ಕೊಂತವು ಮುನ್ನುಗ್ಗಿ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಗುಂಡನ್ನು ನೂಕುತ್ತದೆ. ಮದ್ದಿಲ್ಲ, ಬೆಂಕಿಯಿಲ್ಲ, ಪರಿವಾರವೂ ಇಲ್ಲ. ಹಳ್ಳಿಯ ಮನೆಗೆ ಇದೇ ತಕ್ಕುದೆಂದು ತೋರಿತು. ಅಂಗಡಿಯ ಹುಡುಗನು ಒಂದು ದೊಡ್ಡ ಬಂದೂಕನ್ನು ಮುಂದಿಟ್ಟು, ಇದರ ವೇಗ ಸೆಕೆಂಡಿಗೆ ಸಾವಿರ ಅಡಿ ಎಂದು ಹೊಗಳಿದನು. ವೇಗದ ಈ ಹೆಗ್ಗಳಿಕೆಯನ್ನು ಸಾಮಾನ್ಯವಾಗಿ ಅತ್ಯಂತ ಹಗುರವಾದ ಗುಂಡನ್ನು ಹಾರಿಸಿ ಅಳೆದಿರುತ್ತಾರೆ. ಹಗುರವಾದ ಗುಂಡು ಬೇಗ ಹೊರಟು ಬೇಗ ದಣಿಯುತ್ತದೆ. ಶಬ್ದದ ವೇಗವನ್ನು ಸಮೀಪಿಸಿದರಂತೂ ದಾರಿಯಲ್ಲಿ ತತ್ತರಿಸಿ ಗುರಿ ತಪ್ಪುತ್ತದೆ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತುವ ಹುಡುಗನ ಉತ್ತರವೇ ಸರಿಯಾಗಿರಬೇಕೆಂದಿಲ್ಲವಷ್ಟೆ.

ನಾವು ಪರೀಕ್ಷಿಸಿದ್ದು ಬೇರೆ ಅಂಶಗಳನ್ನು. ಬಂದೂಕಿನ ತೂಕ ನಮ್ಮ ಭುಜಕ್ಕೆ ಸಲ್ಲುವುದೇ? ನಮ್ಮದು ಸುಮಾರು ಮೂರು ಕಿಲೋಗ್ರಾಮು. ನಳಿಗೆಯನ್ನು ಬಾಗಿಸುವಾಗ ಉಸಿರು ಕಟ್ಟುವುದೇ? ಹತ್ತು ಸಲ ಬಾಗಿಸಿ ಕೈ ನಡುಗಿದರೆ ಹನ್ನೊಂದನೆಯ ಗುರಿ ವ್ಯರ್ಥ. ಕುದುರೆ ಮೆತ್ತಗೆ ಬರುವುದೇ, ಜಗ್ಗಿ ಎಳೆಯಬೇಕೇ? ನಳಿಗೆಯನ್ನು ಬಾಗಿಸಿದೊಡನೆ ಕುದುರೆಗೆ ತಾನಾಗಿಯೇ ತಡೆ ಬೀಳುವುದೇ? ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿವೆಯೇ? ಈ ಗೀರುಗಳೇ ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳಿಸತಕ್ಕವು. ಗುಂಡೆಂದರೆ ಗೋಲಿಯಲ್ಲ, ನಡು ಸಣ್ಣದಾದ ಡಮರುಗದಂತಿದ್ದು ಹಿಂಭಾಗ ಟೊಳ್ಳಾಗಿರುತ್ತದೆ. ಗಾಳಿಯ ಒತ್ತಡಕ್ಕೆ ಆ ಟೊಳ್ಳಿನ ಅಂಚು ಅರಳಿ ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಚಪ್ಪಟೆತಲೆಯ ಗುಂಡು ಹಾಳೆಯಲ್ಲಿ ಅಂದವಾದ ತೂತು ಮಾಡುತ್ತದೆ, ಅಭ್ಯಾಸಕ್ಕೆ ಒಳ್ಳೆಯದು. ದುಂಡುತಲೆಯದು ದೂರಕ್ಕೆ ನೇರವಾಗಿ ಹೋಗುತ್ತದೆ. ಉಕ್ಕಿನ ಗೋಲಿಗಳನ್ನು ಮಾತ್ರ ಮನೆಯೊಳಕ್ಕೆ ತರಬಾರದು. ಅವು ಗೀರುಗಳನ್ನು ಕೆಡಿಸುವುದಲ್ಲದೆ ಗೋಡೆಗೆ ಬಡಿದು ಬಂದ ದಾರಿಯಲ್ಲೇ ಹಿಂತಿರುಗುತ್ತವೆ.

ಬಂದೂಕು ಮನೆಗೆ ಬಂದ ಸುದ್ದಿ ಹರಡುತ್ತಲೇ ನೆರೆಯವರು, "ಕೋತಿಗಳಿಗೂ ಎರಡೆರಡು ಬಿಡಿ ಮೇಷ್ಟ್ರೇ, ಬುದ್ಧಿ ಬರಲಿ" ಎಂದರು. ಕೋತಿಗಳ ಉಪದ್ರವವನ್ನು ನಾವೂ ಬಲ್ಲೆವು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಲ್ಲಿ ಬೇಟೆಯೆಂಬ ಪದಕ್ಕೆ ಕೊಲ್ಲುವುದೆಂದಷ್ಟೇ ಅರ್ಥವಿಲ್ಲ, ಗಾಯಪಡಿಸುವುದೂ ಬೇಟೆಯೇ. ಹೆದರಿಸಲು ಹೊಡೆದೆವೆಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ. ಕಾನೂನು ಹಾಗಿರಲಿ, ಇಷ್ಟು ಸಣ್ಣ ಗುಂಡು ಅಷ್ಟು ದೊಡ್ಡ ಪ್ರಾಣಿಯನ್ನು ಕೊಲ್ಲದೆ ಚರ್ಮದೊಳಗೆ ಕುಳಿತು ಕೀವಾಗಿ ದಿನಗಟ್ಟಲೆ ನರಳಿಸುತ್ತದೆ. ಅಂಥ ಗಾಯವನ್ನು ಕಾಡಿನ ಮರೆಯಲ್ಲಿ ನೆಕ್ಕಿಕೊಳ್ಳುವ ತಾಯಿಕೋತಿಯನ್ನು ನೆನೆದರೆ ಮಾಗಿದ ಬಾಳೆಗೊನೆಯೇನೂ ದೊಡ್ಡ ನಷ್ಟವೆನಿಸದು. ನವಿಲು ರಾಷ್ಟ್ರಪಕ್ಷಿ. ಅಳಿಲಿನ ಬೆನ್ನ ಮೇಲೆ ಶ್ರೀರಾಮನ ಬೆರಳ ಗುರುತಿದೆಯೆಂದು ನಾವೇ ಮಕ್ಕಳಿಗೆ ಹೇಳಿದ್ದೇವೆ. ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ ಹಿತ್ತಲಿನ ಗಾಳಿಬಂದೂಕಿಗೆ ಉಳಿಯುವುದು ಮನೆಯ ಇಲಿಯೊಂದೇ.

ಅಭ್ಯಾಸಕ್ಕೆ ತೊಡಗಿದೆವು. ಹಳೆಯ ಮರದ ಪೆಟ್ಟಿಗೆಯಲ್ಲಿ ಮರಳು ತುಂಬಿಸಿ, ಮುಂದೆ ಗೋಣಿತಟ್ಟು ಬಿಗಿದು, ಅದರ ಮೇಲೆ ಹಾಳೆ ಅಂಟಿಸಿ, 10 ಮೀಟರು ಅಳೆದು ನಿಂತೆವು. ಮೊದಲ ದಿನದ ಗುಂಡುಗಳು ಪಂಚಭೂತಗಳಲ್ಲಿ ಲೀನವಾದುವು. ಬಲವಾಗಿ ಹಿಡಿದಷ್ಟೂ ಗುರಿ ತಪ್ಪುತ್ತಿತ್ತು. ಕಾರಣ ಆಮೇಲೆ ತಿಳಿಯಿತು: ಸ್ಪ್ರಿಂಗಿನ ಬಂದೂಕು ಗುಂಡು ನಳಿಗೆಯನ್ನು ಬಿಡುವ ಮೊದಲೇ ಒಮ್ಮೆ ಹಿಂದಕ್ಕೂ ಒಮ್ಮೆ ಮುಂದಕ್ಕೂ ಜಿಗಿಯುತ್ತದೆ. ಅದನ್ನು ತಡೆಯಹೋದರೆ ಪ್ರತಿಸಲವೂ ಬೇರೆ ದಿಕ್ಕಿಗೆ ಹೊರಳುತ್ತದೆ. ಅದರ ಪಾಡಿಗೆ ಬಿಟ್ಟರೆ ಪ್ರತಿಸಲವೂ ಒಂದೇ ರೀತಿ ಜಿಗಿಯುತ್ತದೆ. ಆದುದರಿಂದ ಮುಂಗೈಯನ್ನು ತೆರೆದು, ಹೂವಿನ ತಟ್ಟೆಯನ್ನು ಹೊತ್ತಂತೆ ಅದರ ಮೇಲೆ ಬಂದೂಕನ್ನು ಒರಗಿಸಬೇಕು. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಬೇಕು. ಕುದುರೆಯನ್ನು ಜಗ್ಗದೆ ಒತ್ತಬೇಕು. ಗುಂಡು ಹೊರಟ ಮೇಲೂ ಒಂದು ಕ್ಷಣ ಕದಲದಿರಬೇಕು. ಪ್ರಾಣಾಯಾಮವನ್ನು ಬಲ್ಲವರಿಗೆ ಇದು ಹೊಸತಲ್ಲ.

ಇತರ ಪಾಠಗಳೂ ಆದುವು. ನಳಿಗೆಯನ್ನು ಬಾಗಿಸಿ ಗುಂಡನ್ನಿಡುವಾಗ ಒಂದು ಕೈ ನಳಿಗೆಯನ್ನು ಹಿಡಿದೇ ಇರಬೇಕು. ಅದು ಕೈತಪ್ಪಿ ಮೇಲಕ್ಕೆ ಚಿಮ್ಮಿದರೆ ಬೆರಳು ಉಳಿಯದು. ಗುಂಡಿಲ್ಲದೆ ಬರಿದೆ ಕುದುರೆಯೆಳೆಯಬಾರದು. ಕೊಂತವು ನೇರವಾಗಿ ಬಡಿದು ಕೆಡುತ್ತದೆ. ಬಾಗಿಸಿದ ಬಂದೂಕನ್ನು ಹಾಗೆಯೇ ಗಂಟೆಗಟ್ಟಲೆ ಇಟ್ಟರೆ ಸ್ಪ್ರಿಂಗು ಸೋಲುತ್ತದೆ. ಗಾಳಿಯನ್ನೊತ್ತುವ ಗೂಡಿಗೆ ಹೊಲಿಗೆಯಂತ್ರದ ಎಣ್ಣೆ ಬಿಟ್ಟರೆ ಒತ್ತಡದ ಕಾವಿಗೆ ಅದು ಹತ್ತಿಕೊಂಡು ಸಿಡಿಯುವುದುಂಟು. ಸೀಸವು ವಿಷ, ಗುಂಡು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಎಲೆಯಡಕೆಯನ್ನು ಮುಟ್ಟಕೂಡದು. ಮೂರು ತಿಂಗಳಲ್ಲಿ ನಮ್ಮ ಐದು ಗುಂಡುಗಳ ತೂತುಗಳನ್ನು ಒಂದು ರೂಪಾಯಿಯ ನಾಣ್ಯ ಮುಚ್ಚುವಂತಾಯಿತು. ಮೊಮ್ಮಗನಿಗೆ ದ್ರೋಣಾಚಾರ್ಯರ ಪರೀಕ್ಷೆಯ ಕಥೆಯನ್ನು ಹೇಳಿದೆವು. ಮರದ ಮೇಲಿನ ಕೃತಕ ಹಕ್ಕಿಯನ್ನು ತೋರಿಸಿ ಏನು ಕಾಣುತ್ತದೆಂದು ಗುರುಗಳು ಕೇಳಿದಾಗ ಧರ್ಮರಾಯನು ಹಕ್ಕಿ, ಮರ, ತಾವು, ತಮ್ಮಂದಿರು ಎಲ್ಲರೂ ಕಾಣುತ್ತಾರೆಂದು ಹೇಳಿ ಬೈಸಿಕೊಂಡು ಹಿಂದೆ ಸರಿದುದನ್ನೂ, ಅರ್ಜುನನು ಹಕ್ಕಿಯ ತಲೆಯೊಂದೇ ಕಾಣುತ್ತದೆಂದು ಹೇಳಿ ಗೆದ್ದುದನ್ನೂ ವಿವರಿಸಿದೆವು. ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆವೋ ಲೆಕ್ಕವಿಲ್ಲದ ಕಥೆ. ಕೇಳುತ್ತಿದ್ದ ಹುಡುಗನಿಗಿಂತ ಹೇಳುತ್ತಿದ್ದ ನಮಗೇ ಹೆಚ್ಚು ಹಿಡಿಸಿತು.

ಇನ್ನು ಆ ಸಂಜೆಯ ಮಾತು.

ದೀಪ ಹಚ್ಚುವ ಹೊತ್ತು. ಹಿತ್ತಲಿನ ಎಲ್ಲೆಗೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿದ್ದೇವೆ; ಅದರಾಚೆ ಲಂಟಾನದ ಪೊದೆ, ಪೊದೆಯಾಚೆ ಬಾವಿಗೆ ಹೋಗುವ ಕಾಲುದಾರಿ. ಬಣವೆಯಿಂದಿಳಿದ ದೊಡ್ಡ ಇಲಿಯೊಂದು ಚಪ್ಪಡಿಯ ಮೇಲಂಚಿನಲ್ಲಿ ನಿಂತು ಮೂಗನ್ನಾಡಿಸುತ್ತಿತ್ತು. ನಾವು ಕಂಬಕ್ಕೊರಗಿ ಬಂದೂಕನ್ನೆತ್ತಿದೆವು. ಇಲಿಯ ಕಿವಿಯ ಬುಡ ಗುರಿಮೊಳೆಯ ತುದಿಯಲ್ಲಿ ಕುಳಿತಿತು. ಚಪ್ಪಡಿ ಕಾಣಲಿಲ್ಲ, ಪೊದೆ ಕಾಣಲಿಲ್ಲ, ದಾರಿ ಕಾಣಲಿಲ್ಲ, ಕಿವಿಯೊಂದೇ ಕಂಡಿತು. ನಮಗೆ ಒಳಗೊಳಗೇ ಹೆಮ್ಮೆಯಾದುದನ್ನು ಸುಳ್ಳೆನ್ನಲಾರೆವು. ಕುದುರೆಯನ್ನೊತ್ತಿದೆವು.

ಇಲಿ ಜಿಗಿದು ಮಾಯವಾಯಿತು. ಕಲ್ಲಿನಿಂದ ಕಿರ್ರೆಂದು ಒಂದು ಸದ್ದು. ಮರುಕ್ಷಣದಲ್ಲಿ ಪೊದೆಯಾಚೆ ಠಣ್ಣೆಂದು ಇನ್ನೊಂದು.

ಬಂದೂಕನ್ನು ಅಲ್ಲಿಯೇ ಬಿಟ್ಟು ಓಡಿದೆವು. ದಾರಿಯಲ್ಲಿ ಪಕ್ಕದ ಮನೆಯ ಸೊಸೆ, ಸೊಂಟದಲ್ಲಿ ತುಂಬಿದ ಹಿತ್ತಾಳೆಯ ಕೊಡವನ್ನಿಟ್ಟುಕೊಂಡು ನಿಂತಿದ್ದಳು. ಕುಡಿಯುವ ನೀರಿಗೆ ಆ ಮನೆಯವರು ನಮ್ಮ ಬಾವಿಗೇ ಬರುವುದು ವಾಡಿಕೆ. "ಏನೋ ಬಂದು ಕೊಡಕ್ಕೆ ತಗುಲಿತು ಮೇಷ್ಟ್ರೇ, ಹುಡುಗರ ಕಲ್ಲಿರಬೇಕು" ಎಂದು ನಕ್ಕಳು. ಕೊಡದ ಹೊಟ್ಟೆಯಲ್ಲಿ ಹೆಬ್ಬೆರಳಿನ ತುದಿಯಷ್ಟು ತಗ್ಗು. ಅದರಿಂದ ಒಂದು ಗೇಣು ಮೇಲೆ ಅವಳ ಮೊಣಕೈ. ಎರಡು ಗೇಣು ಮೇಲೆ ಅವಳ ಮುಖ. ಇನ್ನೊಂದು ಪಕ್ಕದಲ್ಲಿ, ಸೆರಗನ್ನು ಹಿಡಿದು, ಮೂರು ವರ್ಷದ ಅವಳ ಮಗು.

ಅವಳು ನಕ್ಕಳು, ನಮಗೆ ಮಾತು ಹೊರಡಲಿಲ್ಲ. ಹುಡುಗರ ಕಲ್ಲೆಂದು ಅವಳೇ ಹೇಳಿದ್ದಳು. ಹೌದೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಕ್ಷಣ ಆ ಯೋಚನೆ ಬಾರದಿರಲಿಲ್ಲ. ತಪ್ಪು ಮಾಡಿ ಇನ್ನೊಬ್ಬರ ಮೇಲೆ ಹಾಕಿದ ಹುಡುಗರನ್ನು 33 ವರ್ಷ ಬೆಂಚಿನ ಮೇಲೆ ನಿಲ್ಲಿಸಿದವರು ನಾವು. "ಕಲ್ಲಲ್ಲ ತಾಯಿ, ನಮ್ಮ ಗುಂಡು" ಎಂದೆವು. ಅವಳ ನಗೆ ನಿಂತಿತು. ಏನನ್ನೂ ಹೇಳದೆ ಮಗುವನ್ನು ಮುಂದಕ್ಕೆಳೆದುಕೊಂಡು ಹೊರಟುಹೋದಳು.

ರಾತ್ರಿ ಅವಳ ಮಾವನವರ ಮನೆಗೆ ಹೋಗಿ ನಡೆದುದನ್ನು ಹೇಳಿದೆವು. ಬಾಲ್ಯದಿಂದ ನಮ್ಮ ಜೊತೆಯವರು. ಬಹಳ ಹೊತ್ತು ಸುಮ್ಮನಿದ್ದು, "ಕೊಡದ ತಗ್ಗನ್ನು ಹೊಡೆಸಿ ಸರಿಮಾಡಿಸಬಹುದು ಮೇಷ್ಟ್ರೇ" ಎಂದರು. ಅಷ್ಟೇ ಹೇಳಿದರು. ಉಳಿದುದನ್ನು ಹೇಳದಿರುವುದು ಅವರ ದೊಡ್ಡತನ. ಮರುದಿನ ಅವರಿಗೆ ಹೊಸ ಕೊಡವೊಂದನ್ನು ಕೊಟ್ಟು ಆ ಹಳೆಯದನ್ನು ಬೇಡಿ ತಂದೆವು. ಒಂದು ವಾರ ಆ ಸೊಸೆ ನೀರಿಗೆ ಬೇರೆ ದಾರಿಯಲ್ಲಿ ಬಂದಳು. ನಮಗೆ ಆದ ದಂಡನೆಗಳಲ್ಲಿ ಅದೇ ಹಿರಿದು.

ಆ ರಾತ್ರಿ ನಿದ್ರೆ ಬರಲಿಲ್ಲ. ಕಿವಿಯಲ್ಲಿ ಠಣ್ಣೆಂಬ ಆ ಸದ್ದೊಂದೇ. ರಾಮಾಯಣದ ದಶರಥನು ನೆನಪಾದನು. ಸರಯೂ ತೀರದ ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟವನು. ಕಣ್ಣಿಲ್ಲದ ತಂದೆತಾಯಿಗಳ ಒಬ್ಬನೇ ಮಗನನ್ನು ಕೊಂದವನು. ಅವನಿಗೆ ಗುರಿ ತಪ್ಪಿರಲಿಲ್ಲ. ಶಬ್ದವೇಧಿಯೆಂಬ ಬಿರುದಿನ ಮೋಹದಲ್ಲಿ ಅಲ್ಲಿರುವುದು ಏನೆಂದು ನೋಡುವುದು ತಪ್ಪಿತ್ತು. ನಮ್ಮ ಗುಂಡು ಕೊಡಕ್ಕೆ ತಗುಲಿತು, ಅವನ ಬಾಣ ಕೊಡ ಹಿಡಿದವನಿಗೆ ತಗುಲಿತು. ನಡುವಣ ಅಂತರ ಎರಡು ಗೇಣು. ಆ ಅಂತರವನ್ನು ಉಳಿಸಿದುದು ನಮ್ಮ ವಿದ್ಯೆಯಲ್ಲ.

ಆಮೇಲೆ ದ್ರೋಣರ ಪರೀಕ್ಷೆಯೂ ನೆನಪಾಯಿತು. ಆ ಪರೀಕ್ಷೆಯಲ್ಲಿ ಹಕ್ಕಿ ಕೃತಕ. ಸುತ್ತಲಿದ್ದವರೆಲ್ಲರೂ ಗುರುಗಳ ಆಜ್ಞೆಯಂತೆ ನಿಂತವರು. ಬಾಣದ ಆಚೆಗೆ ಏನಿದೆಯೆಂಬುದನ್ನು ಗುರುಗಳು ಮೊದಲೇ ನೋಡಿಕೊಂಡಿದ್ದಿರಬೇಕು. ಅಂಥಲ್ಲಿ ಅರ್ಜುನನ ಏಕಾಗ್ರತೆಗೆ ಬೆಲೆ ಸಲ್ಲತಕ್ಕದ್ದೇ. ಆದರೆ ಜನರು ತಿರುಗಾಡುವ ಹಿತ್ತಲಿನಲ್ಲಿ ಬಂದೂಕನ್ನು ಯಾರ ಕೈಗೆ ಕೊಡಬೇಕು? ಹಕ್ಕಿಯ ತಲೆಯೊಂದನ್ನೇ ಕಾಣುವವನ ಕೈಗಲ್ಲ. ಹಕ್ಕಿಯನ್ನೂ ಮರವನ್ನೂ ಗುರುಗಳನ್ನೂ ತಮ್ಮಂದಿರನ್ನೂ ಕಾಣುವವನ ಕೈಗೆ. ಧರ್ಮರಾಯನು ಅನುತ್ತೀರ್ಣನೆಂದು ನಾವು ಇಷ್ಟು ವರ್ಷ ಕಲಿಸಿದೆವು. ಇಂದು ಆ ಉತ್ತರಪತ್ರಿಕೆ ನಮ್ಮ ಮುಂದೆ ಬಂದರೆ ಬೇರೆ ಅಂಕ ಹಾಕುತ್ತಿದ್ದೆವು.

ಬಂದೂಕನ್ನು ಮಾರಿಬಿಡಬೇಕೆಂದು ಬೆಳಗ್ಗೆ ಹೇಳಿದಾಗ ಮನೆಯಾಕೆ ಒಪ್ಪಲಿಲ್ಲ. "ಕುಡುಗೋಲಿನಿಂದ ಕೈ ಕುಯ್ದುಕೊಂಡವರು ಹುಲ್ಲು ಕುಯ್ಯುವುದನ್ನು ಬಿಡುತ್ತಾರೆಯೇ? ಸರಿಯಾಗಿ ಹಿಡಿಯುವುದನ್ನು ಕಲಿಯಿರಿ" ಎಂದಳು. ಆದುದರಿಂದ ಕೆಲವು ನಿಯಮಗಳನ್ನು ಮಾಡಿಕೊಂಡೆವು. ಗುಂಡನ್ನು ಹಿಡಿದು ನಿಲ್ಲಿಸುವ ಮಣ್ಣೋ ಮರಳೋ ಲಕ್ಷ್ಯದ ಹಿಂದೆ ಇಲ್ಲದಿದ್ದರೆ ಬಂದೂಕನ್ನೆತ್ತುವುದಿಲ್ಲ. ಕಲ್ಲು, ನೀರು, ಕಬ್ಬಿಣ ಇವು ಗುಂಡನ್ನು ನಿಲ್ಲಿಸುವುದಿಲ್ಲ, ಬೇರೆ ಕಡೆಗೆ ಕಳಿಸುತ್ತವೆ. ಗೋಡೆಯ ಅಂಚಿನ ಮೇಲಿರುವುದಕ್ಕೆ ಹೊಡೆಯುವುದಿಲ್ಲ. ಮುಸ್ಸಂಜೆಯಲ್ಲಿ ಹೊಡೆಯುವುದಿಲ್ಲ. ಒಂದೇ ಏಟಿಗೆ ಸಾಯುವುದೆಂಬ ನಂಬಿಕೆ ಇಲ್ಲದೆ, ಹತ್ತು ಹನ್ನೆರಡು ಮೀಟರುಗಳಾಚೆ, ಪ್ರಾಣಿಯ ಮೇಲೆ ಗುರಿಯಿಡುವುದಿಲ್ಲ. ಕೆಲಸ ಮುಗಿದೊಡನೆ ಬಂದೂಕು ಬೀರುವಿನಲ್ಲಿ, ಗುಂಡಿನ ಡಬ್ಬಿ ಬೇರೆ ಪೆಟ್ಟಿಗೆಯಲ್ಲಿ, ಎರಡರ ಬೀಗದ ಕೈ ಮನೆಯಾಕೆಯ ಸೊಂಟದಲ್ಲಿ.

ಈ ನಿಯಮಗಳನ್ನಿಟ್ಟುಕೊಂಡು ನೋಡಿದಾಗ ಒಂದು ವಿನೋದ ತಿಳಿಯಿತು. ಯಾವ ಇಲಿಗಳಿಗಾಗಿ ಬಂದೂಕು ತಂದೆವೋ ಅವುಗಳಿಗೆ ಅದು ಸಲ್ಲುವುದೇ ಇಲ್ಲ! ತೆಂಗಿನ ಸುಳಿಯಲ್ಲಿರುವ ಇಲಿಗೆ ಹೊಡೆಯಬೇಕಾದರೆ ಗುಂಡು ಆಕಾಶಕ್ಕೆ ಹೋಗಬೇಕು. ಆಕಾಶಕ್ಕೆ ಹೋದುದು ಯಾರದೋ ಮನೆಯ ಮೇಲೆ ಇಳಿಯಬೇಕು. ಅಟ್ಟದ ಮೇಲೆ ಹೊಡೆದರೆ ಹೆಂಚು ಉಳಿಯದು. ಅಲ್ಲದೆ ಇಲಿಯ ಗರ್ಭ ಮೂರು ವಾರಗಳದು. ಒಂದು ಸೂಲಿಗೆ ಆರೇಳು ಮರಿಗಳು. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ತಾಯಂದಿರು. ವಾರಕ್ಕೊಂದನ್ನು ಹೊಡೆದು ಈ ವಂಶವನ್ನು ಮುಗಿಸುತ್ತೇವೆಂಬುದು ಸಮುದ್ರವನ್ನು ಉದ್ಧರಣೆಯಲ್ಲಿ ಎತ್ತಿದಂತೆ. ಕೊನೆಗೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುವ ಉಪಾಯವನ್ನೇ ಹಿಡಿದೆವು. ನೆಲದಿಂದ ಸುಮಾರು ಎರಡು ಮೀಟರು ಮೇಲೆ, 40 ಸೆಂಟಿಮೀಟರು ಅಗಲದ ತಗಡನ್ನು ಕಾಂಡದ ಸುತ್ತ ಬಿಗಿಸಿದೆವು. ಇಲಿಯ ಉಗುರು ಅದರ ಮೇಲೆ ಜಾರುತ್ತದೆ. ಒಂದರ ಗರಿ ಇನ್ನೊಂದಕ್ಕೆ ತಾಗುವ ಮರಗಳಲ್ಲಿ ಇದು ನಡೆಯದು. ಇಲಿ ಗರಿಯಿಂದ ಗರಿಗೆ ದಾಟುತ್ತದೆ. ಅಂಥವು ನಮ್ಮಲ್ಲಿ ಒಂಬತ್ತಿದ್ದುವು. ಉಳಿದ 31 ಮರಗಳಿಗೆ ತಗಡು ಬಿತ್ತು. ಒಣಗರಿಗಳನ್ನು ಕೀಳಿಸಿ ಸುಳಿಯನ್ನು ಚೊಕ್ಕಟ ಮಾಡಿಸಿದೆವು. ಬಣವೆಯನ್ನು ಮನೆಯಿಂದ ದೂರಕ್ಕೆ ಸರಿಸಿದೆವು. ಈ ವರ್ಷ ಅದೇ ತಿಂಗಳಿನಲ್ಲಿ ಬಿದ್ದ ತೂತುಗಾಯಿಗಳು 26. ಬಂದೂಕಿನಿಂದ ನಾವು ಇದುವರೆಗೆ ಹೊಡೆದ ಇಲಿಗಳು, ಕೊಟ್ಟಿಗೆಯ ಮಣ್ಣುಗೋಡೆಯ ಬುಡದಲ್ಲಿ, ಹಗಲಿನಲ್ಲಿ, ನಾಲ್ಕು.

ಹೀಗೆಂದು ಬಂದೂಕು ವ್ಯರ್ಥವಾಯಿತೆನ್ನಲಾರೆವು. ಪ್ರತಿ ಭಾನುವಾರ ಬೆಳಗ್ಗೆ ಮರಳಿನ ಪೆಟ್ಟಿಗೆಯ ಮುಂದೆ ಹತ್ತು ಗುಂಡು ಹಾರಿಸುವುದರಲ್ಲಿ ಮನಸ್ಸಿಗೆ ಒಂದು ಬಗೆಯ ನಿಲುಗಡೆಯುಂಟು. ತಗ್ಗು ಬಿದ್ದ ಆ ಕೊಡ ಬೀರುವಿನ ಪಕ್ಕದಲ್ಲಿಯೇ ಇದೆ. ಬಂದೂಕನ್ನು ತೆಗೆಯುವಾಗಲೆಲ್ಲ ಕೈ ಅದಕ್ಕೆ ಸೋಂಕುತ್ತದೆ.

ಈ ಬೇಸಗೆಯಲ್ಲಿ ಮೊಮ್ಮಗನು ಮತ್ತೆ ಬಂದಿದ್ದನು. ಹತ್ತು ತುಂಬಿದೆ. ಬಂದೂಕನ್ನು ಹಿಡಿಯುವುದಾಗಿ ಹಟ ಹಿಡಿದನು. ನಾವು ಪಕ್ಕದಲ್ಲಿಯೇ ಕುಳಿತು, ನಳಿಗೆಯನ್ನು ನಾವೇ ಬಾಗಿಸಿ ಗುಂಡನ್ನಿಟ್ಟು, ಬಂದೂಕನ್ನು ಮರಳಿನ ಚೀಲದ ಮೇಲೊರಗಿಸಿ ಕೊಟ್ಟೆವು. ಕೊಡುವ ಮೊದಲು ಕೇಳಿದೆವು: "ಏನು ಕಾಣುತ್ತದೆ, ಹೇಳು."

ಹುಡುಗನು ತಲೆಯೆತ್ತಿ ಮೆಲ್ಲನೆ ಸುತ್ತಲೂ ನೋಡಿದನು. "ಹಾಳೆ ಕಾಣುತ್ತದೆ ತಾತ. ಹಾಳೆಯ ಹಿಂದೆ ಮರಳಿನ ಪೆಟ್ಟಿಗೆ, ಅದರ ಹಿಂದೆ ಮಣ್ಣುಗೋಡೆ. ಅಜ್ಜಿ ಅಡುಗೆಮನೆಯಲ್ಲಿದ್ದಾರೆ. ಬೆಕ್ಕು ಜಗಲಿಯ ಮೇಲಿದೆ. ಬಾವಿಯ ದಾರಿಯಲ್ಲಿ ಯಾರೋ ಬರುತ್ತಿದ್ದಾರೆ, ಅವರು ಹೋಗಲಿ."

ಪಕ್ಕದ ಮನೆಯ ಸೊಸೆ ಕೊಡ ತುಂಬಿಕೊಂಡು ಹೊರಟುಹೋಗುವವರೆಗೆ ಇಬ್ಬರೂ ಸುಮ್ಮನೆ ಕುಳಿತಿದ್ದೆವು. ಆಮೇಲೆ ಅವನಿಗೆ ಹೇಳಿದೆವು: "ಸರಿ, ಈಗ ಹೊಡಿ."